ಅವ್ವನ ಶಾಣ್ಯಾ ಗಡಿಯಾರ

ಆ ಮಾತನ್ನು ನಾನು ಆಡಿದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. "ಅದು ನಡುಗೂ ತನಕ ನಡಿ, ನಡುಗಿದ ಮ್ಯಾಲ ಸಾಕು" ಎಂದು ನಾನೇ ಹೇಳಿದ್ದೆ ಎನ್ನುತ್ತಾಳೆ ಅವ್ವ. ನನಗೆ ನೆನಪಿಲ್ಲ. ಆದರೆ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬುದು ಗೊತ್ತಿರುವುದರಿಂದ, ಅವಳು ಹೇಳುವುದೇ ಖರೆ ಇರಬಹುದು.

ಗಡಿಯಾರ ತಂದದ್ದು ಮಾತ್ರ ನಾನೇ. ಅವ್ವನಿಗೆ ಸಕ್ಕರೆ ಕಾಯಿಲೆ. ದಿನವೂ ನಡೆಯದಿದ್ದರೆ ಇನ್ಸುಲಿನ್ ತಪ್ಪಿದ್ದಲ್ಲ ಎಂದು ಗದಗಿನ ಡಾಕ್ಟರು ಹೇಳಿದ್ದರು. ಸೂಜಿ ಎಂದರೆ ಅವ್ವನಿಗೆ ಜೀವವೇ ಹೋದಂತೆ. ಹೆಜ್ಜೆ ಎಣಿಸುವ ಸ್ಮಾರ್ಟ್ ಗಡಿಯಾರ ಕೊಳ್ಳಲು ಹೋದಾಗ, ಆ ಗಾಬರಿಯಲ್ಲೂ ಅಂಗಡಿಯಲ್ಲಿ ನಾನು ವ್ಯಾಖ್ಯೆ ಕೇಳಿದೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ನಾನು ಗಳಿಸಿದ್ದು ಈ ಚಟವೊಂದೇ.

"ಸ್ಮಾರ್ಟ್ ಅಂದ್ರ ಏನ್ರಿ?"

"ನೀವೇನೂ ಹೇಳೂದು ಬ್ಯಾಡ್ರಿ ಸರ್. ತಾನ ತಿಳಕೋತೈತಿ," ಎಂದ ಅಂಗಡಿಯವನು.

"ಏನ್ ತಿಳಕೋತೈತಿ?"

"ಎಲ್ಲಾನೂ ರೀ."

"ಹಂಗಾರ ನನ್ನ ಕೈಯಾಗಿಂದು?"

ಅವನು ನನ್ನ ಹಳೆಯ ಗಡಿಯಾರವನ್ನು ಮರುಕದಿಂದ ನೋಡಿದ. "ಅದು ಪಾಪ, ಟೈಮ್ ಅಷ್ಟ ಹೇಳತೈತ್ರಿ."

ಟೈಮ್ ಅಷ್ಟೇ ಹೇಳುವ ವಸ್ತು ತನಗೆ ಗೊತ್ತಿರುವುದನ್ನಷ್ಟೇ ಹೇಳುತ್ತದೆ ಎಂದು ಅಲ್ಲಿಯೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬೆಟಗೇರಿಯ ಮನೆಗೆ ಬಂದು ಡಬ್ಬಿ ತೆರೆದಾಗ ಅವ್ವನೂ ಅದನ್ನೇ ಕೇಳಿದಳು. "ಶಾಣ್ಯಾ ಗಡಿಯಾರ ಅಂತ ತಿಳ್ಕೋ" ಎಂದೆ.

"ಹಂಗಾರ ಮನ್ಯಾಗ ಒಬ್ಬರರ ಶಾಣ್ಯಾರು ಆದ್ರು ಬಿಡು," ಎಂದಳು. ಒಳ್ಳೆಯ ವಸ್ತು ಎಡಗೈಗೆ ಯಾಕೆ ಎಂದು, ಬಳೆಗಳನ್ನು ಮೇಲಕ್ಕೆ ಸರಿಸಿ ಬಲಗೈಗೇ ಕಟ್ಟಿಕೊಂಡಳು.

ಶಾಲೆಯ ಮೈದಾನದಲ್ಲಿ ದಿನಕ್ಕೆ ಮೂರು ಸಾವಿರ ಹೆಜ್ಜೆ ಎಂದು ಗುರಿ ಇಟ್ಟೆ. ಅಷ್ಟಾದರೆ ಗಡಿಯಾರ ಒಮ್ಮೆ ನಡುಗಿ ಶಹಬ್ಬಾಸ್ ಎನ್ನುತ್ತಿತ್ತು. ಲೆಕ್ಕ ನನ್ನ ಫೋನಿಗೂ ಬರುತ್ತಿತ್ತು. ಮುಂಜಾನೆ ಎಂಟಕ್ಕೆಲ್ಲ ಗುರಿ ಮುಟ್ಟಿರುತ್ತಿತ್ತು. ನಾನು ಏಳುವುದೇ ಎಂಟಕ್ಕೆ. ಫೋನು ನೋಡುವುದು, ಸಮಾಧಾನಪಡುವುದು. ಅವ್ವನನ್ನು ಒಂದು ದಿನವೂ ಕೇಳಲಿಲ್ಲ.

ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿಯುವುದಿರಲಿ, ಮೊದಲಿಗಿಂತ ಏರಿತ್ತು. ಡಾಕ್ಟರು ಇನ್ನೊಂದೇ ತಿಂಗಳು ನೋಡೋಣ ಎಂದರು. ಅದೇ ವಾರ, ಶಾಲೆಯ ಮೈದಾನದಲ್ಲಿ ದಿನಾ ಸುತ್ತು ಹಾಕುವ ನಿವೃತ್ತ ಮಾಸ್ತರರು ದಾರಿಯಲ್ಲಿ ಸಿಕ್ಕರು. "ನಿಮ್ಮ ಅವ್ವಾರು ಆರಾಮ ಅದಾರಿಲ್ರಿ? ಮೈದಾನದಾಗ ಕಾಣವಲ್ರು."

ಯಂತ್ರಕ್ಕೆ ಸುಳ್ಳು ಹೇಳುವ ಕಾರಣವಿಲ್ಲ, ಅವ್ವನಿಗೆ ಇದೆ ಎಂದು ನಾನು ತರ್ಕ ಮಾಡಿದೆ. ಗಡಿಯಾರವನ್ನು ಅವಳು ಪಾತ್ರೆ ತಿಕ್ಕುವ ಹೆಣ್ಣುಮಗಳ ಕೈಗೆ ಕಟ್ಟಿರಬೇಕು ಎಂದುಕೊಂಡೆ. ಮರುದಿನ ಬೇಗ ಎದ್ದು ಅಡುಗೆಮನೆಗೆ ಹೋದೆ. ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮನೆಗಷ್ಟೇ ಅಲ್ಲ, ಲಕ್ಷ್ಮೇಶ್ವರದಲ್ಲಿರುವ ಅಕ್ಕನ ಮನೆಗೂ ಖಡಕ್ ರೊಟ್ಟಿ ಇಲ್ಲಿಂದಲೇ ಬಸ್ಸಿಗೆ ಹೋಗುತ್ತವೆ.

"ಗಡಿಯಾರ ಯಾರ ಕೈಗೆ ಕಟ್ಟಾಕತ್ತೀ ಅವ್ವಾ?"

"ನನ್ನ ಕೈಯಾಗ ಐತಲ್ಲೋ. ಕಣ್ಣ ಕಾಣವಲ್ವನ?"

"ಮೈದಾನಕ್ಕ ಹೋಗೇ ಇಲ್ಲಂತ ನೀ."

"ಯಾಕ ಹೋಗ್ಲಿ? ರೊಟ್ಟಿ ಮುಗಸೂದ್ರಾಗ ಇದು ನಡುಗತೈತಿ. ನಡುಗಿದ ಮ್ಯಾಲ ಸಾಕು ಅಂದಾಂವ ನೀನ ಅಲ್ಲನ?" ಎಂದಳು. ನಂತರ ಕೈ ನಿಲ್ಲಿಸಿ, "ಸೂಜಿ ಚುಚ್ಚಿಸ್ಕೊಳ್ಳಾಕ ನನಗೇನ್ ಹುಚ್ಚೇನೋ, ಮೋಸ ಮಾಡಾಕ?" ಎಂದಳು.

ಅವಳು ಕೈ ನಿಲ್ಲಿಸುವ ತನಕ ನನ್ನ ಫೋನಿನಲ್ಲಿ ಹೆಜ್ಜೆಯ ಅಂಕಿ ಏರುತ್ತಿತ್ತು ಎಂದು ನೆನಪು. ಅದನ್ನು ನಿಜವಾಗಿ ಕಂಡೆನೋ, ಆಮೇಲೆ ಜೋಡಿಸಿಕೊಂಡೆನೋ ಗೊತ್ತಿಲ್ಲ. ಅವಳು ಗಡಿಯಾರ ಬಿಚ್ಚಿ ಹಿಟ್ಟಿನ ಕೈಯಲ್ಲೇ ನನ್ನ ಕಡೆ ಚಾಚಿದ್ದು ಮಾತ್ರ ಸ್ಪಷ್ಟವಾಗಿದೆ.

ಆ ಗಡಿಯಾರಕ್ಕೆ ತಿಳಿದಿದ್ದು ಕೈ ಅಲುಗುತ್ತಿದೆ ಎಂಬುದಷ್ಟೇ ಇರಬೇಕು. ನಡಿಗೆ ಎಂಬುದು ಅದರ ಊಹೆ. ಊಹೆಯನ್ನು ಊಹೆ ಎಂದು ಹೇಳದೆ ಅಂಕಿ ಮಾಡಿ ಕೊಡುವ ವಸ್ತುವಿಗೆ ನಾವು ಸ್ಮಾರ್ಟ್ ಎನ್ನುತ್ತೇವೆಯೇ? ಹಾಗಾದರೆ ಆ ತಿಂಗಳು ನಾನೂ ಅಷ್ಟೇ ಸ್ಮಾರ್ಟ್ ಆಗಿದ್ದೆ.

ಈಗ ಅವ್ವ ಬರಿಗೈಯಲ್ಲಿ ಮೈದಾನಕ್ಕೆ ಹೋಗುತ್ತಾಳೆ, ನಾನೂ ಜೊತೆಗೆ ಹೋಗುತ್ತೇನೆ. ತಪ್ಪಾಯಿತು ಎಂದು ಹೇಳಿದ್ದೇನೆ. ಆದರೆ ನನ್ನ ವಿವರಣೆಯೂ ಇನ್ನೊಂದು ಊಹೆಯೇ ಅಲ್ಲವೇ ಎಂಬ ಅನುಮಾನ ಬಿಡಲಿಲ್ಲ. ಒಂದು ಭಾನುವಾರ ಆ ಗಡಿಯಾರವನ್ನು ಬಲಗೈಗೆ ಕಟ್ಟಿಕೊಂಡು ಒಲೆಯ ಮುಂದೆ ಕುಳಿತು ಅಂಚು ಹರಿದ ಆರು ರೊಟ್ಟಿ ಬಡಿದೆ. ಕುಳಿತಲ್ಲಿಂದ ಏಳಲಿಲ್ಲ. ಗಡಿಯಾರ ತೋರಿಸಿದ್ದು ನಾನೂರ ಹನ್ನೆರಡು ಹೆಜ್ಜೆ.