ಫರಂಗಿಪೇಟೆಯ ತೈಲಾಸುರ

ಫರಂಗಿಪೇಟೆಯ ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಶೇಖರ ಕೆಲಸಕ್ಕೆ ಸೇರಿ ಇಪ್ಪತ್ತೊಂದು ವರ್ಷವಾಯಿತು. ಅದಕ್ಕೂ ಮೊದಲು ಎರಡು ವರ್ಷ ಕುವೈತಿನಲ್ಲಿದ್ದ. ಎಣ್ಣೆಯ ದೇಶಕ್ಕೆ ಹೋಗಿ, ಹೋಟೆಲೊಂದರಲ್ಲಿ ತಟ್ಟೆ ತೊಳೆದು, ಒಂದೇ ಒಂದು ಎಣ್ಣೆಬಾವಿಯನ್ನೂ ಕಣ್ಣಿಂದ ನೋಡದೆ ತಿರುಗಿ ಬಂದ ಮಹಾನುಭಾವ ಅವನು. ಊರಿಗೆ ಬಂದ ಮೇಲೆ ಎಣ್ಣೆಯೇ ಅವನನ್ನು ಹುಡುಕಿಕೊಂಡು ಬಂತು.

ಬೆಳಿಗ್ಗೆ ಆರು ಗಂಟೆಗೆ ಅವನ ಮೊದಲ ಕೆಲಸ ಡಿಪ್ ನೋಡುವುದು. ನೆಲದಡಿಯ ಟ್ಯಾಂಕಿನ ಮುಚ್ಚಳ ತೆರೆದು, ಗುರುತು ಹಾಕಿದ ಉದ್ದನೆಯ ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, ಮೇಲೆತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಬೇಕು. ಎಷ್ಟು ಎಣ್ಣೆ ಉಳಿದಿದೆ ಎಂಬುದನ್ನು ಈಗ ಕಂಪ್ಯೂಟರೂ ಹೇಳುತ್ತದೆ. ಆದರೆ ಶೇಖರನಿಗೆ ಕೋಲಿನ ಮೇಲೆಯೇ ನಂಬಿಕೆ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅವನು ಕೋಲು ಇಳಿಸದೆ ಅಂದಾಜಿನ ಮೇಲೆ ಅಳತೆ ಹೇಳಿದವನಲ್ಲ. ಅವನು ಯಾರೆದುರಾದರೂ ಕೊಚ್ಚಿಕೊಳ್ಳುತ್ತಿದ್ದರೆ ಇದೊಂದನ್ನೇ.

ಇಷ್ಟಕ್ಕೇ ನಿಂತಿದ್ದರೆ ಶೇಖರ ಸುಖವಾಗಿರುತ್ತಿದ್ದ. ಅವನ ಸುಖ ಕೆಡಿಸಿದ್ದು ತಾಳಮದ್ದಳೆ. ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ ಅದು. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಪಂಚೆ ಉಟ್ಟು ಶಾಲು ಹೊದ್ದು ಕುರ್ಚಿಯ ಮೇಲೆ ಕೂತು ತಮ್ಮ ತಮ್ಮ ಪಾತ್ರದ ಪರವಾಗಿ ವಾದ ಮಾಡುತ್ತಾರೆ. ಬರೆದಿಟ್ಟ ಮಾತಿಲ್ಲ, ಎಲ್ಲವೂ ಆಗಿಂದಾಗಲೇ ಹುಟ್ಟಬೇಕು. ಕಥೆಯ ಕೊನೆ ಮಾತ್ರ ಮೊದಲೇ ತೀರ್ಮಾನವಾಗಿರುತ್ತದೆ, ಸಾಯಬೇಕಾದವನು ಸಾಯಲೇಬೇಕು. ಆದರೆ ಸಾಯುವ ಮೊದಲು ಎದುರಿನವನ ಬಾಯಿ ಕಟ್ಟಿಸಿದನೋ, ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಒಂದು ತಿಂಗಳು ಅದೇ ಸುದ್ದಿ.

ಬಂಟ್ವಾಳದ ಸಂಘದಲ್ಲಿ ಶೇಖರ ಹದಿನೇಳು ವರ್ಷದಿಂದ ಅರ್ಥಧಾರಿ. ಯಾವ ಪಾತ್ರ ಎಂದು ಮಾತ್ರ ಕೇಳಬಾರದು. ದೂತ. "ಮಹಾಪ್ರಭೂ, ವೈರಿಗಳು ಕೋಟೆಯನ್ನು ಮುತ್ತಿದ್ದಾರೆ" ಎಂದು ಹೇಳಿ, ಶಾಲು ಸರಿಮಾಡಿಕೊಂಡು ಕೂತರೆ ಅವನ ಕೆಲಸ ಮುಗಿಯಿತು. ಕಾರ್ಯಕ್ರಮದ ಕರಪತ್ರ ಕೈಗೆ ಬಂದರೆ ಎಲ್ಲರೂ ಮೇಲಿನಿಂದ ಓದುತ್ತಾರೆ, ಶೇಖರ ಕೆಳಗಿನಿಂದ ಓದುತ್ತಾನೆ. ಅವನ ಹೆಸರು ಯಾವತ್ತೂ ಕಟ್ಟಕಡೆಯ ಸಾಲಿನಲ್ಲಿ.

ಹಾಗಿರುವಾಗ ಒಂದು ಸೋಮವಾರ ಸಂಘದ ಭಾಗವತರಾದ ಜತ್ತಪ್ಪನವರ ಫೋನು ಬಂತು.

"ಶೇಖರ, ಶನಿವಾರ ಮಧ್ಯಾಹ್ನ ಮಿಜಾರಿನ ಕಾಲೇಜಲ್ಲಿ ತಾಳಮದ್ದಳೆ ಉಂಟು. ಧರ್ಣಪ್ಪನ ಗಂಟಲು ಹೋಗಿದೆ. ಒಂದು ಅಸುರ ಉಂಟು, ಮಾಡ್ತಿಯಾ?"

"ಅಸುರನ ದೂತನಾ?"

"ಅಲ್ಲ ಮಾರಾಯ, ಅಸುರನೇ!"

ಶೇಖರ ಅಲ್ಲಿಯೇ ಇದ್ದ ಎಂಜಿನ್ ಆಯಿಲಿನ ಡಬ್ಬದ ಮೇಲೆ ಕೂತುಬಿಟ್ಟ.

ಕಾಲೇಜಿನ ವಿಜ್ಞಾನ ಸಪ್ತಾಹಕ್ಕೆಂದು ಶುಭಶ್ರೀ ಎಂಬ ಉಪನ್ಯಾಸಕಿ ಹೊಸ ಪ್ರಸಂಗವನ್ನೇ ಬರೆದಿದ್ದಳು. ಹೆಸರು 'ತೈಲಾಸುರ ವಧೆ'. ನೆಲದಡಿಯಿಂದ ಎದ್ದ ತೈಲಾಸುರ ಲೋಕವನ್ನೆಲ್ಲ ತನ್ನ ಹೊಗೆಯಿಂದ ತುಂಬುತ್ತಾನೆ. ಸೂರ್ಯದೇವ ಬಂದು ಅವನೊಡನೆ ವಾದಿಸಿ, ಸೋಲಿಸಿ, ಸಂಹರಿಸುತ್ತಾನೆ. ಸೂರ್ಯನ ಅರ್ಥ, ಎಂದರೆ ಆ ಪಾತ್ರದ ಮಾತು, ವೇಣುಗೋಪಾಲ ಮಾಷ್ಟ್ರದ್ದು. ವಿಜ್ಞಾನ ಕಲಿಸಿ ನಿವೃತ್ತರಾದ ಅವರೇ ಸಂಘದ ಅಧ್ಯಕ್ಷರು, ಯಾರಿಗೆ ಯಾವ ಪಾತ್ರ ಎಂದು ಹಂಚುವವರೂ ಅವರೇ. ನಲವತ್ತು ವರ್ಷಗಳಲ್ಲಿ ಅವರ ಬಾಯಿ ಕಟ್ಟಿಸಿದವರು ಹುಟ್ಟಿರಲಿಲ್ಲ.

"ಇದರಲ್ಲಿ ನಿಂತರೆ ನಿನಗೆ ಮುಂದಕ್ಕೂ ದೊಡ್ಡ ಅರ್ಥ ಸಿಗ್ತದೆ," ಎಂದರು ಜತ್ತಪ್ಪ ಭಾಗವತರು. "ಮಗುಚಿ ಬಿದ್ದರೆ ಮತ್ತೆ ದೂತನೇ, ಸಾಯುವವರೆಗೆ."

ಶುಭಶ್ರೀ ಎಣ್ಣೆಯ ಬಗ್ಗೆ ಎಂಟು ಪುಟದ ಟಿಪ್ಪಣಿಯನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಅದನ್ನು ಓದಿ ಓದಿ ಶೇಖರನಿಗೆ ತಲೆ ತಿರುಗಿತು. ತಾನು ಇಪ್ಪತ್ತೊಂದು ವರ್ಷ ಪೈಪಿನಲ್ಲಿ ಸುರಿದದ್ದು ಇಷ್ಟು ದೊಡ್ಡ ಆಸಾಮಿ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಹೆಂಡತಿ ಕಾಂತಿ ಬೀಡಿ ಕಟ್ಟುತ್ತಿದ್ದರೆ ಇವನು ಅವಳೆದುರು ನಿಂತು ಗರ್ಜಿಸತೊಡಗಿದ.

"ಎಲೌ ಕಾಂತೀ! ನಿನ್ನ ಚಪ್ಪಲಿ ನಾನು! ನಿನ್ನ ಬಕೆಟು ನಾನು! ನಿನ್ನ ಗುಳಿಗೆಯ ಕವಚ ನಾನು, ನಿನ್ನ ಗ್ಯಾಸಿನ ಉರಿ ನಾನು! ನಿನ್ನ ನೈಟಿಯ ನೂಲೂ ನಾನೇ!"

"ನೈಟಿಯ ವಿಷಯ ಸ್ಟೇಜಿನಲ್ಲಿ ಹೇಳ್ಬೇಡಿ," ಎಂದಳು ಕಾಂತಿ, ಕೈ ನಿಲ್ಲಿಸದೆ. "ನಾನು ಮುಂದಿನ ಸಾಲಲ್ಲೇ ಕೂತಿರ್ತೇನೆ."

ಅಸುರ ಮೈಮೇಲೆ ಬಂದದ್ದು ಮನೆಯಲ್ಲಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವೇಣುಗೋಪಾಲ ಮಾಷ್ಟ್ರ ಹಳೆಯ ಬಿಳಿ ಕಾರು ಬಂಕಿಗೆ ಬಂದು ನಿಂತಿತು. ಶೇಖರ ಆಗ ಒಳಗೊಳಗೇ ತನ್ನ ಪ್ರವೇಶದ ಮಾತು ಮಸೆಯುತ್ತಿದ್ದ. ಬಾಯಿ ಅಸುರನದಾಗಿತ್ತು, ಕೈ ಯಾರದೆಂದು ದೇವರಿಗೇ ಗೊತ್ತು. "ಝೀರೋ ನೋಡಿ ಮಾಷ್ಟ್ರೇ" ಎಂದ. ಮಾಷ್ಟ್ರು ಶಿಸ್ತಿನ ಮನುಷ್ಯ, ಮೀಟರಿನ ಸೊನ್ನೆಯನ್ನು ಸರಿಯಾಗಿ ನೋಡಿದರು. ಯಾವ ಪೈಪು ಎಂದು ಇಬ್ಬರೂ ನೋಡಲಿಲ್ಲ.

ಹತ್ತು ನಿಮಿಷದ ನಂತರ ಮಾಷ್ಟ್ರು ಸುಡುವ ಬಿಸಿಲಿನಲ್ಲಿ ಕೊಡೆ ಹಿಡಿದುಕೊಂಡು ಹೆದ್ದಾರಿ ಬದಿಯಲ್ಲಿ ನಡೆದು ಬರುತ್ತಿದ್ದರು.

"ಶೇಖರ, ನನ್ನ ಕಾರಿಗೆ ಎಂಥ ಹಾಕಿದ್ದು?"

ಶೇಖರ ತನ್ನ ಕೈ ಮೂಸಿ ನೋಡಿದ. "ಪೆಟ್ರೋಲು, ಮಾಷ್ಟ್ರೇ."

"ನನ್ನ ಕಾರು ಯಾವುದರದ್ದು?"

"ಡೀಸೆಲಿನದ್ದು, ಮಾಷ್ಟ್ರೇ."

"ಸರಿ ಉತ್ತರ. ಉಳಿದದ್ದು ಶನಿವಾರ ಮಾತಾಡುವ."

ಕಾರನ್ನು ಗ್ಯಾರೇಜಿಗೆ ಎಳೆದುಕೊಂಡು ಹೋಗಿ ಟ್ಯಾಂಕು ಖಾಲಿ ಮಾಡಿಸಿದ್ದಾಯಿತು. ಯಜಮಾನರು ಬೈದದ್ದೂ ಆಯಿತು. ಶೇಖರನ ತಲೆಯಲ್ಲಿ ಮಾತ್ರ ಆ ಒಂದು ಮಾತು ಗುಂಯ್‌ಗುಡುತ್ತಿತ್ತು: ಉಳಿದದ್ದು ಶನಿವಾರ. ಮೈಕಿನ ಮುಂದೆ ಮರ್ಯಾದೆ ತೆಗೆಯುತ್ತಾರೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಶುಕ್ರವಾರ ಟ್ಯಾಂಕರ್ ತಂದ ಡ್ರೈವರ್ ಉನೈಸ್ ಅವನ ಮುಖ ನೋಡಿ ಸಂಗತಿ ಕೇಳಿದ, ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದಕ್ಕೆ ಯಾಕೆ ಮಂಡೆಬಿಸಿ ಶೇಖರಣ್ಣ? ಪೆಟ್ರೋಲು, ಡೀಸೆಲು ಎರಡೂ ಒಂದೇ ಹೊಟ್ಟೆಯ ಮಕ್ಕಳಲ್ವಾ? ಕಾರಿಗೆ ಮಾತ್ರ ಅದು ಗೊತ್ತಾಗುದಿಲ್ಲ."

ಶೇಖರನಿಗೆ ನಗು ಬರಲಿಲ್ಲ. ಟ್ಯಾಂಕರಿನಿಂದ ಇಳಿಸಿದ ಮೇಲೆ ಎಂದಿನಂತೆ ಕೋಲು ಇಳಿಸಿ ನೋಡಿದ. ಟ್ಯಾಂಕು ತುಂಬಿತ್ತು.

ಶನಿವಾರ ಮಿಜಾರಿನ ಸಭಾಂಗಣದಲ್ಲಿ ನಾನೂರು ವಿದ್ಯಾರ್ಥಿಗಳು, ಊರಿನ ರಸಿಕರು, ಮುಂದಿನ ಸಾಲಿನಲ್ಲಿ ಹೊಸ ಸೀರೆಯ ಕಾಂತಿ. ಚೆಂಡೆ ಸದ್ದು ಮಾಡಿತು. ಜತ್ತಪ್ಪ ಭಾಗವತರು ಪದ್ಯ ಎತ್ತಿದರು. ಶೇಖರ ಬಾಯಿ ತೆರೆದದ್ದೇ ತಡ, ಹದಿನೇಳು ವರ್ಷ ಒಳಗೆ ಕೂಡಿಟ್ಟ ಮಾತೆಲ್ಲ ಒಟ್ಟಿಗೆ ಹೊರಗೆ ನುಗ್ಗಿತು.

"ಎಲೈ ಸೂರ್ಯನೇ! ನೀನು ಸಂಜೆಯಾದರೆ ಮನೆಗೆ ಹೋಗುವವನು. ನಾನು ಇಪ್ಪತ್ನಾಲ್ಕು ಗಂಟೆ ದುಡಿಯುವವನು! ನೀನು ಕೂತ ಪ್ಲಾಸ್ಟಿಕ್ ಕುರ್ಚಿ ನಾನು. ನೀನು ಬಂದ ಡಾಮರು ದಾರಿ ನಾನು. ಗದ್ದೆಗೆ ಹಾಕುವ ಯೂರಿಯಾದ ಹಿಂದೆ ನನ್ನ ತಮ್ಮನಾದ ಅನಿಲನಿದ್ದಾನೆ, ಊರಿಗೆ ಕರೆಂಟು ಕೊಡುವ ಕಲ್ಲಿದ್ದಲು ನನ್ನ ಅಣ್ಣ. ನಿನ್ನ ಅಂಗಿಯ ಗುಂಡಿಯೂ ನಾನೇ. ಈಗಲೇ ನಾನೆದ್ದು ಹೊರಟರೆ ನಿನ್ನ ಮಾನದ ಗತಿಯೇನು?"

ಮಾಷ್ಟ್ರು ತಮಗರಿವಿಲ್ಲದೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು. ಸಭೆ ಬಿದ್ದು ಬಿದ್ದು ನಕ್ಕಿತು. ಮಾಷ್ಟ್ರು ನಗು ಇಳಿಯುವವರೆಗೆ ಕಾದು, ಶಾಲು ಸರಿಮಾಡಿಕೊಂಡು, ಮೆಲ್ಲಗೆ ಶುರುಮಾಡಿದರು.

"ಎಲವೋ ಅಸುರ, ಯಾರ ಹೊಟ್ಟೆಗೆ ಹೋಗಬೇಕೆಂಬ ತಿಳಿವೂ ನಿನಗಿಲ್ಲ. ಮೊನ್ನೆ ಗುರುವಾರ ಡೀಸೆಲಿನ ರಥವೊಂದರ ಉದರಕ್ಕೆ ಪೆಟ್ರೋಲಾಗಿ ನುಗ್ಗಿದೆ. ಏಳು ಕುದುರೆಗಳ ಒಡೆಯನಾದ ನಾನು, ಸಾಕ್ಷಾತ್ ಸೂರ್ಯ, ಬಿಸಿಲಿಗೆ ಕೊಡೆ ಹಿಡಿದು ಫರಂಗಿಪೇಟೆಯ ಹೆದ್ದಾರಿಯಲ್ಲಿ ನಡೆಯಬೇಕಾಯಿತು!"

ಐದು ಜನರಿಗೆ ಗೊತ್ತಿದ್ದ ಗುಟ್ಟು ಐನೂರು ಜನರಿಗೆ ಗೊತ್ತಾಯಿತು. ಸಭಾಂಗಣದ ಮಾಡು ಹಾರಿಹೋಗುವ ಹಾಗೆ ನಗು. ಶೇಖರನ ಕಿವಿ ಕೆಂಪಾಯಿತು. ಮುಗಿಯಿತು, ಮತ್ತೆ ದೂತನೇ ಎಂದುಕೊಂಡ. ಅಷ್ಟರಲ್ಲಿ ಉನೈಸನ ನಗುಮುಖ ನೆನಪಾಯಿತು.

"ಹೌದು, ನುಗ್ಗಿದೆ!" ಎಂದು ಕುರ್ಚಿಯ ಕೈ ಗುದ್ದಿದ. "ಆದರೆ ನಮ್ಮನ್ನು ಬೇರೆ ಮಾಡಿದವರು ಯಾರು? ಭೂಮಿಯೊಳಗೆ ಪೆಟ್ರೋಲು, ಡೀಸೆಲು, ಸೀಮೆಎಣ್ಣೆ, ಡಾಮರು ಎಲ್ಲವೂ ಒಂದೇ ಕಪ್ಪು ದೇಹ. ಮನುಷ್ಯರು ಮೇಲೆತ್ತಿ, ಕಾಯಿಸಿ, ಎತ್ತರದ ಗೋಪುರದಲ್ಲಿ ಪಾಲು ಮಾಡಿದರು. ಹಗುರಾದವನು ಮೇಲೆ, ಭಾರದವನು ಕೆಳಗೆ! ಒಂದೇ ಹೊಟ್ಟೆಯ ತಮ್ಮ ಅಣ್ಣನ ಮನೆಗೆ ಒಂದು ದಿನ ಹೋದರೆ ತಪ್ಪೇ, ಸ್ವಾಮೀ?"

ಚಪ್ಪಾಳೆಯೋ ಚಪ್ಪಾಳೆ. ಮಾಷ್ಟ್ರು ಬಿಡುವವರಲ್ಲ, ಮುಂದಕ್ಕೆ ಬಾಗಿದರು.

"ಒಂದೇ ಹೊಟ್ಟೆ ಎಂದೆಯಲ್ಲ, ಅದು ಯಾರದು? ಹೆತ್ತವರ ಹೆಸರು ಹೇಳು. ಹುಟ್ಟು ಹೇಳಲಾರದವನೊಡನೆ ನನಗೆ ಮಾತಿಲ್ಲ."

ಶೇಖರನಿಗೆ ಟಿಪ್ಪಣಿಯ ಮೂರನೆಯ ಪುಟ ಕಣ್ಣೆದುರು ಬಂತು. ಬಾಯಿಪಾಠ ಒಪ್ಪಿಸುವವನ ಹಾಗೆ ಆರಂಭಿಸಿದ. "ನನ್ನ ತಾಯಿ ಕಡಲು. ಮನುಷ್ಯರು ಹುಟ್ಟುವುದಕ್ಕೂ ಕೋಟಿಗಟ್ಟಲೆ ವರ್ಷ ಹಿಂದೆ, ಅವಳ ಮಡಿಲಲ್ಲಿ ಕಣ್ಣಿಗೆ ಕಾಣದ ಪಾಚಿಗಳಿದ್ದವು. ಅವು ಬಿಸಿಲನ್ನು ಕುಡಿದು ಬದುಕಿದವು, ಸತ್ತು ತಳಕ್ಕೆ ಇಳಿದವು. ಮೇಲೆ ಕೆಸರು ಬಿತ್ತು, ಕೆಸರು ಕಲ್ಲಾಯಿತು, ಒತ್ತಿ ಬೆಂದು ನಾನಾದೆ. ನನ್ನ ತಾಯಿ ಕಡಲು. ನನ್ನ ಅಪ್ಪ..."

ಅಲ್ಲಿ ಅವನು ನಿಂತ. ಬಿಸಿಲು ಕುಡಿದು ಎಂದು ತಾನೇ ಹೇಳಿದ್ದು ಈಗ ತನಗೇ ಕೇಳಿಸಿತು. ಮೈಯೆಲ್ಲ ಜುಮ್ಮೆಂದಿತು. ನೂರು ಸಲ ಓದಿದ್ದ ಪುಟದಲ್ಲಿ ಇದು ಎಲ್ಲಿ ಅಡಗಿತ್ತೋ!

"ನನ್ನ ಅಪ್ಪ ನೀನು," ಎಂದ. "ನಾನು ನಿನ್ನದೇ ಹಳೆಯ ಒಂದು ಹಗಲು. ನನ್ನ ಬಿಸಿ ನೀನು ಕೊಟ್ಟದ್ದು. ಮಗನನ್ನು ಕೊಲ್ಲಲು ಬಂದೆಯಾ ಅಪ್ಪಾ?"

ಮಾಷ್ಟ್ರು ಬಾಯಿ ತೆರೆದರು, ಮುಚ್ಚಿದರು. ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸಿದರು. ಚೆಂಡೆಯವನು ಪೆಟ್ಟು ಹಾಕಬೇಕೋ ಬೇಡವೋ ಎಂದು ಕೋಲೆತ್ತಿಕೊಂಡು ಕೂತೇ ಇದ್ದ. ನಲವತ್ತು ವರ್ಷದ ಬಾಯಿ ಕಟ್ಟಿತ್ತು. ಶೇಖರನಿಗೆ ಕುಣಿಯಬೇಕೆನಿಸಿತು.

ಕೊನೆಗೆ ಮಾಷ್ಟ್ರು ಕೇಳಿದರು, ಸೋತವರ ಸ್ವರದಲ್ಲಲ್ಲ, ಅಪ್ಪನ ಸ್ವರದಲ್ಲಿ: "ಮಗನೇ, ನಿನಗೆ ಇನ್ನೆಷ್ಟು ಆಯುಷ್ಯ ಉಳಿದಿದೆ?"

'ಅಕ್ಷಯ' ಎಂದರೆ ಸಾಕಿತ್ತು. ಅಸುರರು ಹಾಗೆ ಹೇಳಿಯೇ ಹೇಳುತ್ತಾರೆ, ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕೇಳಿದ್ದು ಅಳತೆ. ಶೇಖರ ಕುರ್ಚಿಯಿಂದ ಎದ್ದುಬಿಟ್ಟ. ತಾಳಮದ್ದಳೆಯಲ್ಲಿ ಯಾರೂ ಹಾಗೆ ಏಳುವುದಿಲ್ಲ. ಎರಡೂ ಕೈಯಲ್ಲಿ ಇಲ್ಲದ ಕೋಲೊಂದನ್ನು ಹಿಡಿದು ಕೆಳಕ್ಕೆ ಇಳಿಸಿದ, ಮೇಲೆತ್ತಿ ನೋಡಿದ.

"ಅಪ್ಪಾ, ನಾನು ಹುಡುಗನಾಗಿದ್ದಾಗ ಇನ್ನು ಮೂವತ್ತು ವರ್ಷ ಎನ್ನುತ್ತಿದ್ದರು. ಈಗ ಐವತ್ತು ಎನ್ನುತ್ತಾರೆ. ಹೊಸ ಬಾವಿ ಸಿಕ್ಕಿದರೆ ಇನ್ನಷ್ಟು ಎಂದಾರು. ಸರಿಯಾದ ಲೆಕ್ಕ ನನಗೆ ಗೊತ್ತಿಲ್ಲ. ಬಂಕಿನಲ್ಲಿ ಕೋಲಿನ ಒದ್ದೆ ಕಡಿಮೆಯಾದರೆ ಫೋನು ಮಾಡುತ್ತೇನೆ, ಉನೈಸ್ ಟ್ಯಾಂಕರ್ ತರುತ್ತಾನೆ. ಭೂಮಿಯ ಈ ಟ್ಯಾಂಕಿಗೆ ತರುವವರು ಯಾರು? ನೀನೇ ಇನ್ನೊಮ್ಮೆ ಕೋಟಿ ಕೋಟಿ ವರ್ಷ ಉರಿಯಬೇಕು. ನನ್ನ ಹಿಂದೆ ಲೋಡು ಬರುವುದಿಲ್ಲ ಅಪ್ಪಾ. ಕೊಲ್ಲಬೇಡ, ನಾನಾಗಿಯೇ ಮುಗಿಯುವವನು. ಹಿಡಿತದಲ್ಲಿ ಬಳಸಿ ಎಂದು ಇವರಿಗೊಂದು ಮಾತು ಹೇಳು."

ಮಾಷ್ಟ್ರೂ ಎದ್ದರು. ಬಂದು ಅವನನ್ನು ತಬ್ಬಿಕೊಂಡರು. ಜತ್ತಪ್ಪ ಭಾಗವತರು ವಧೆಯ ಪದ್ಯದ ಪುಟ ಹಿಡಿದುಕೊಂಡು ಒಂದು ಗಳಿಗೆ ತಡವರಿಸಿ, ಅದನ್ನು ಮಗುಚಿಟ್ಟು ಮಂಗಳ ಹಾಡಿದರು. ಶುಭಶ್ರೀ ನಗುತ್ತಲೂ ಇದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು.

ವಾಪಸು ಬರುವ ಬಸ್ಸಿನಲ್ಲಿ ಮಾತ್ರ ಶೇಖರನ ಅಮಲು ಇಳಿಯಿತು. "ಸಾಯ್ಬೇಕಿತ್ತು ನೀನು, ಪದ್ಯ ಇತ್ತು" ಎಂದಿದ್ದರು ಭಾಗವತರು. ಪ್ರಸಂಗದ ಕೊನೆ ಕೆಡಿಸಿದವನಿಗೆ ಸಂಘ ಇನ್ನು ಯಾವ ಪಾತ್ರ ಕೊಟ್ಟೀತು?

"ಗೆಲ್ಲುವ ಹೊತ್ತಿಗೆ ನೀವು ಕೋಲು ಇಳಿಸಿದ್ದು ಎಂಥಕ್ಕೆ?" ಎಂದು ಕೇಳಿದಳು ಕಾಂತಿ.

"ಕೋಲು ಇಳಿಸದೆ ಅಳತೆ ಹೇಳುದು ಹೇಗೆ, ಕಾಂತಿ?"

ಕಾಂತಿ ನಕ್ಕು, ಕಿಟಕಿಯ ಹೊರಗೆ ನೋಡತೊಡಗಿದಳು.

ಮುಂದಿನ ಗುರುವಾರ ಹಳೆಯ ಬಿಳಿ ಕಾರು ಮತ್ತೆ ಬಂತು. ಮಾಷ್ಟ್ರು ಗಾಜು ಇಳಿಸಿ ಒಂದು ಕರಪತ್ರ ಚಾಚಿದರು. ಮುಂದಿನ ತಿಂಗಳ ತಾಳಮದ್ದಳೆಯದು. ಶೇಖರ ಅಭ್ಯಾಸದಂತೆ ಕೆಳಗಿನಿಂದ ಓದಿದ. ಕಟ್ಟಕಡೆಯ ಸಾಲು, ದೂತ. ಅದರ ಎದುರಿನ ಹೆಸರು ವೇಣುಗೋಪಾಲ.

ಬೆರಳು ಮೇಲಕ್ಕೆ ಸರಿಯಿತು. ಮಂತ್ರಿ, ಬೇರೆ ಯಾರೋ. ಸೇನಾಪತಿ, ಧರ್ಣಪ್ಪ. ಮೊದಲ ಸಾಲಿನಲ್ಲಿ ಮಹಾರಾಜ, ಶೇಖರ ಫರಂಗಿಪೇಟೆ. ಅಕ್ಷರಗಳು ಕಲಸಿಕೊಂಡವು, ಶೇಖರ ಸಮವಸ್ತ್ರದ ತೋಳಿನಿಂದ ಕಣ್ಣುಜ್ಜಿಕೊಂಡ.

"ಮಾಷ್ಟ್ರೇ, ಇದು ಎಂಥದು? ನೀವು ದೂತನಾ?"

"ನಲವತ್ತು ವರ್ಷದಲ್ಲಿ ಒಮ್ಮೆಯೂ ಮಾಡಿಲ್ಲ ಮಾರಾಯ. ನಿನ್ನೆಯಿಂದ ಬಾಯಿಪಾಠ ಮಾಡ್ತಾ ಇದ್ದೇನೆ."

ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಶೇಖರ ಪೈಪಿಗೆ ಕೈ ಹಾಕಿದ.

"ಝೀರೋ ನೋಡಿ ಮಾಷ್ಟ್ರೇ."

"ಝೀರೋ ನಾನು ನೋಡ್ತೇನೆ," ಎಂದರು ಮಾಷ್ಟ್ರು. "ತಾವು ಪೈಪು ನೋಡಿ, ಮಹಾಪ್ರಭೂ."