ಮೇಡಂ ಹಾಕಿದ ಸಹಿ

ದೆಹಲಿಯ ಕಾಲೇಜಿನಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಮೇಡಂ ಧಾರವಾಡದ ಕಡೆಯವರು. ಯಾರೇ ದೊಡ್ಡ ಮಾತಾಡಿದರೂ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಛಲೋ ಮಾತು. ಆದ್ರ ಅದರಿಂದ ಇವತ್ತು ಯಾರಿಗೆ ಏನು ಫರಕ ಬೀಳ್ತದ?" ಎಂದು ಕೇಳುತ್ತಿದ್ದರು.

ನಗರದ ಮಾರುಕಟ್ಟೆಯಲ್ಲಿ ಬಾಂಬ್ ಸಿಡಿದ ವಾರ, ಹೌಜ್ ಖಾಸ್ ಬಡಾವಣೆಯಲ್ಲಿ ನನ್ನ ಬಾಡಿಗೆ ಕೋಣೆಯಲ್ಲೇ ಇದ್ದ, ಇಂಜಿನಿಯರಿಂಗ್ ಓದುತ್ತಿದ್ದ ಇರ್ಫಾನ್‌ಗೆ ಸಂಜೆಯೊಳಗೆ ಖಾಲಿ ಮಾಡಲು ಮನೆ ಮಾಲೀಕರು ಹೇಳಿದರು. ಗೆಳೆಯರೆಲ್ಲ ನ್ಯಾಯ ಅನ್ಯಾಯ ಎಂದು ಕೂಗಾಡುತ್ತಿದ್ದೆವು. ಅವನು ಸುಮ್ಮನೆ ಪುಸ್ತಕ ಕಟ್ಟುತ್ತಿದ್ದ. ನಾನು ಫೋನ್ ಮಾಡಿದ್ದಕ್ಕೆ ಮೇಡಂ ಆಟೋ ಹಿಡಿದು ಬಂದರು.

ಅವರು ವಾದಕ್ಕಿಳಿಯಲಿಲ್ಲ. "ಭಾಯಿಸಾಬ್, ನಿಮಗೆ ಯಾವುದರ ಭಯ?" ಎಂದು ಮಾಲೀಕರನ್ನು ಹಿಂದಿಯಲ್ಲಿ ಕೇಳಿದರು.

"ನಾಳೆ ಪೊಲೀಸರು ಬಂದರೆ ಇವನ ಪರವಾಗಿ ಉತ್ತರ ಕೊಡುವವರು ಯಾರು?" ಎಂದರು ಮಾಲೀಕರು.

ಮೇಡಂ ಕಾಗದ ತರಿಸಿ, ಈ ಹುಡುಗನಿಗೆ ನಾನೇ ಜವಾಬ್ದಾರಳು ಎಂದು ಬರೆದರು. ಕೆಳಗೆ ಮನೆಯ ವಿಳಾಸ ಹಾಕಿ ಸಹಿ ಮಾಡಿದರು. "ಪೊಲೀಸರು ಮೊದಲು ನನ್ನ ಮನೆಗೆ ಬರಲಿ."

ಮಾಲೀಕರು ಅದನ್ನು ಎರಡು ಸಲ ಓದಿದರು. ಕೊನೆಗೆ, "ಪರೀಕ್ಷೆ ಮುಗಿಯುವವರೆಗೆ ಇರಲಿ," ಎಂದರು.

ಮೆಟ್ಟಿಲಿಳಿಯುವಾಗ ಮೇಡಂ ನನ್ನ ತೋಳು ಹಿಡಿದುಕೊಂಡರು.

"ಆ ಹುಡುಗನ್ನ ನಾ ನೋಡಿದ್ದು ಇವತ್ತೇ ಮೊದಲು," ಎಂದರು.