ಮಗಳನ್ನು ಮಲಗಲು ಬಿಡದ ಕೆಂಚಿ

ಕೆಂಚಿ ಮಗಳ ತೊಡೆ ಚಿವುಟಿದ್ದನ್ನು ನಾನು ಕಣ್ಣಾರೆ ಕಂಡೆ. ಆರು ವರ್ಷದ ರಮ್ಯಾ ತಲೆ ತುಂಬ ತಂತಿ ಅಂಟಿಸಿಕೊಂಡು ಮಲಗಿದ್ದಳು, ಆಗಷ್ಟೇ ನಿದ್ದೆ ಹತ್ತಿತ್ತು. ಚಿವುಟಿದ ಏಟಿಗೆ ಚೀರಿಕೊಂಡು ಎದ್ದು ಕೂತಳು, ಎರಡು ತಂತಿ ಕಿತ್ತು ಬಂದವು. ಯಂತ್ರದ ಮುಂದೆ ಕೂತಿದ್ದ ಟೆಕ್ನಿಷಿಯನ್ ರಘು ತಲೆ ಮೇಲೆ ಕೈ ಹೊತ್ತುಕೊಂಡ. ನನಗಂತೂ ಕೆಂಚಿಯ ಕೆನ್ನೆಗೆ ಎರಡು ಬಾರಿಸುವಷ್ಟು ಸಿಟ್ಟು ಬಂತು.

ನನ್ನ ಹೆಸರು ವಿಮಲಮ್ಮ, ಊರು ಕಟ್ಟೆಮಳಲವಾಡಿ, ಬಾಯಿ ಸ್ವಲ್ಪ ಜೋರು. ಮೂರ್ಛೆರೋಗದ ಅಧ್ಯಯನವೊಂದಕ್ಕಾಗಿ ಎಚ್.ಡಿ. ಕೋಟೆ ಕಡೆಯ ಬುಡಕಟ್ಟು ಜನರ ಹಾಡಿಗಳನ್ನು ಸುತ್ತಿ, ಯಾರಿಗೆ ಫಿಟ್ಸ್ ಬರುತ್ತದೆ ಎಂದು ಬರೆದುಕೊಂಡು, ಅವರನ್ನು ಕೋಟೆಯ ಶಿಬಿರಕ್ಕೆ ಕರೆತರುವುದು ನನ್ನ ಕೆಲಸ. ಎನ್. ಬೇಗೂರಿನಾಚೆಯ ಹಾಡಿಯೊಂದರಲ್ಲಿ ಕೆಂಚಿ ಸಿಕ್ಕಿದ್ದು ಹಾಗೆ. ಗಂಡ ಗುಂಡ ಕೊಡಗಿನ ಕಾಫಿ ತೋಟಕ್ಕೆ ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಶುಂಠಿ ಹೊಲದಲ್ಲಿ ಕೂಲಿ ಮಾಡಿ ಮಗಳನ್ನು ಸಾಕುತ್ತಿದ್ದವಳು ಇವಳೇ.

ರಮ್ಯಾಳಿಗೆ ಒಂದು ವರ್ಷದಿಂದ ಫಿಟ್ಸ್. ಹಿಂದಿನ ತಿಂಗಳು ಒಲೆ ಪಕ್ಕದಲ್ಲೇ ಬಿದ್ದು ಮೊಣಕೈ ಸುಟ್ಟುಕೊಂಡಿದ್ದಳು. ಮುಂದಿನ ಸಲ ಮುಖ ಒಲೆಯೊಳಗೇ ಬಿದ್ದರೆ ಏನು ಗತಿ? ಸರಿಯಾದ ಮಾತ್ರೆ ಕೊಡಬೇಕಾದರೆ ಇದು ಎಂಥ ಫಿಟ್ಸ್ ಎಂದು ತಿಳಿಯಬೇಕು. ಅದಕ್ಕೆ ಮಗು ನಿದ್ದೆಯಲ್ಲಿರುವಾಗ ಮಿದುಳಿನ ಅಲೆಗಳನ್ನು ಯಂತ್ರದಲ್ಲಿ ಹಿಡಿಯಬೇಕು. ಮಲಗು ಎಂದ ತಕ್ಷಣ ಮಕ್ಕಳು ಮಲಗುತ್ತವೆಯೇ? ನಿದ್ದೆ ಬರಿಸುವ ಔಷಧಿ ಕುಡಿಸುತ್ತಾರೆ. ಆ ಯಂತ್ರ ಕೋಟೆಗೆ ಬರುವುದು ಮೂರು ತಿಂಗಳಿಗೊಮ್ಮೆ.

"ಯಾಕೆ ಚಿವುಟ್ದೆ? ಬುದ್ಧಿಗಿದ್ದಿ ಅದಾ ನಿಂಗೆ?" ಎಂದೆ.

"ಮಲಗ್ಬುಟ್ಲು ಅಕ್ಕ," ಎಂದಳು. ಅವಳ ತುಟಿ ಬಿಳಿಚಿಕೊಂಡಿತ್ತು. ನಾನು ಅದನ್ನು ನೋಡಿದೆ, ಆದರೂ ಬೈಯುವುದನ್ನು ನಿಲ್ಲಿಸಲಿಲ್ಲ.

ಬೈದದ್ದು ಸಾಲದೆಂಬಂತೆ ವಾರ ಬಿಟ್ಟು ಹಾಡಿಗೇ ಹೋದೆ. ಶಿಬಿರದಲ್ಲಿ ಸದ್ಯಕ್ಕೆಂದು ಕೊಟ್ಟಿದ್ದ ಮಾತ್ರೆಯ ಪಟ್ಟಿಗಳು ಗೋಡೆಯ ಚೀಲದಲ್ಲಿ ಹಾಗೇ ಇದ್ದವು. "ಅದ ಕೊಟ್ರೆ ತೂಕಡಿಸ್ತಾಳೆ ಅಕ್ಕ, ನಂಗೆ ಭಯ ಆಯ್ತದೆ," ಎಂದಳು. ಬಾಯಿಗೆ ಬಂದಂತೆ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಶುರು ಮಾಡಿದಳು.

"ಇವಳಿಗಿಂತ ದೊಡ್ಡವಳೊಬ್ಳು ಇದ್ಲು, ರೇಣುಕಾ ಅಂತ. ಒಂದಿನ ಬೆಳಿಗ್ಗೆ ಒಟ್ಟೆನೋವು ಅಂದ್ಲು. ಮೈಮ್ಯಾಲೆ ಒಂದು ಗಾಯ ಇರ್ನಿಲ್ಲ. ಕಣ್ಣು ಎಳೀತದೆ ಕಣವ್ವ, ಮಲಗ್ತೀನಿ ಅಂದ್ಲು. ಮಲಿಕ್ಕೊ ಮಗ, ಕೂಲಿಗೆ ಓಗಿ ಬತ್ತೀನಿ ಅಂದೆ. ನಾನೇ ಅಂದೆ ಅಕ್ಕ, ಮಲಿಕ್ಕೊ ಅಂತ."

ಮಧ್ಯಾಹ್ನ ಅವಳು ಬಂದಾಗ ರೇಣುಕಾ ಏಳಲಿಲ್ಲ. ರಾತ್ರಿ ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತಂತೆ, ಅದು ಕಚ್ಚಿದರೆ ಹಾಗೆಯೇ. ಉರಿ ಇಲ್ಲ, ಗಾಯ ಕಾಣುವುದಿಲ್ಲ, ರೆಪ್ಪೆ ಮಾತ್ರ ಭಾರವಾಗುತ್ತ ಬರುತ್ತದೆ. ಹಾವು ಕಚ್ಚಿದವರನ್ನು ಮಲಗಲು ಬಿಡಬಾರದು ಎಂದು ಹಾಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಕಚ್ಚಿದ್ದೇ ಕೆಂಚಿಗೆ ಗೊತ್ತಿರಲಿಲ್ಲ. ಅಂದಿನಿಂದ ರಮ್ಯಾ ಕಣ್ಣು ಮುಚ್ಚಿದರೆ ಸಾಕು, ಇವಳ ಜೀವ ಹಾರಿಹೋಗುತ್ತದೆ. ಅಲುಗಾಡಿಸಿ ಎಬ್ಬಿಸಿ, "ಅವ್ವ" ಅನ್ನಿಸಿಕೊಂಡ ಮೇಲೆಯೇ ಸಮಾಧಾನ.

ಅವಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತು ಎದ್ದುಬಂದೆ. ನನ್ನ ಫಾರಂನಲ್ಲಿ ಮಗುವಿನ ನಿದ್ದೆ ಹೇಗಿದೆ ಎಂಬ ಪ್ರಶ್ನೆಯೊಂದಿತ್ತು. ಮೊದಲ ದಿನವೇ, ಕೇಳುವ ಗೋಜಿಗೂ ಹೋಗದೆ, 'ಸಾಮಾನ್ಯ' ಎಂದು ಬರೆದುಬಿಟ್ಟಿದ್ದೆ. ಈಗಲೂ ಅದನ್ನು ತಿದ್ದಲು ಹೊಳೆಯಲಿಲ್ಲ.

ಜೂನ್‌ನಲ್ಲಿ ಯಂತ್ರ ಮತ್ತೆ ಬಂತು, ಕೆಂಚಿಯನ್ನು ಹೇಗೋ ಒಪ್ಪಿಸಿ ಮಗುವಿನ ಜೊತೆ ಕರೆತಂದೆ. ಡಾಕ್ಟರ್ ಸೌಂದರ್ಯ ಮಗುವಿನ ತೂಕ ನೋಡಿ, ಅಳೆದು ಔಷಧಿ ಕುಡಿಸಿದರು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ನಾಡಿ ಕಾಣುತ್ತದೆ ಎಂದು ಕೆಂಚಿಗೆ ತೋರಿಸಿದರು. ಕೆಂಚಿ ಎರಡೂ ಅಂಗೈಗಳನ್ನು ತೊಡೆಯಡಿಗೆ ಇಟ್ಟುಕೊಂಡು ಕೂತಳು. ಮಗಳ ಕಣ್ಣು ಎಳೆಯತೊಡಗಿದಾಗ ಇವಳ ಹಲ್ಲು ಕಟಕಟ ಅನ್ನುವುದು ನನಗೆ ಕೇಳಿಸಿತು. ಆದರೂ ಮುಟ್ಟಲಿಲ್ಲ. ನಲವತ್ತು ನಿಮಿಷ ರಘುವಿನ ಪರದೆಯ ಮೇಲೆ ಗೆರೆಗಳು ಓಡಿದವು.

ಡಾಕ್ಟರ್ ಅವನ್ನೆಲ್ಲ ನೋಡಿ ಕೇಳಿದರು: "ಮಗು ರಾತ್ರಿ ಚೆನ್ನಾಗಿ ಮಲಗುತ್ತಾ?"

"ನಾನು ಬುಡದೇ ಇಲ್ಲ ಡಾಕ್ಟ್ರೆ," ಎಂದಳು ಕೆಂಚಿ, ಹೆಮ್ಮೆಯಿಂದಲೇ. "ಗಳಿಗೆಗೊಂದ್ಸಲ ಏಳಿಸ್ತೀನಿ."

ಡಾಕ್ಟರ್ ಮೆಲ್ಲಗೆ ಹೇಳಿದರು: "ಕಾಯಿಲೆ ನೀವು ತಂದಿದ್ದಲ್ಲಮ್ಮ. ಆದ್ರೆ ಇವಳಿಗಿರೋ ಫಿಟ್ಸ್‌ಗೆ ನಿದ್ದೆ ಕೆಟ್ಟಷ್ಟೂ ಜಾಸ್ತಿ ಆಗುತ್ತೆ. ಬೇರೆ ಮಾತ್ರೆ ಬರೆದುಕೊಡ್ತೀನಿ, ಒಂದು ದಿನವೂ ತಪ್ಪಿಸಬೇಡಿ. ಎಬ್ಬಿಸಲೂ ಬೇಡಿ. ಈಗಲೂ ಅಷ್ಟೆ, ಅವಳಾಗೇ ಏಳಲಿ."

"ನಾನು ಏಳಿಸಿದ್ಕಾ ಬೀಳ್ತಿದ್ದಿದ್ದು?" ಎಂದು ಕೆಂಚಿ ನನ್ನ ಮುಖ ನೋಡಿದಳು. ಆ ಒಂದೇ ಒಂದು ಪ್ರಶ್ನೆ ಕೇಳಿ ಸರಿಯಾಗಿ ಬರೆದುಕೊಂಡಿದ್ದರೆ ಡಾಕ್ಟರಿಗೆ ಮಾರ್ಚಿನ ಶಿಬಿರದಲ್ಲೇ ತಿಳಿಯುತ್ತಿತ್ತು.

ತಲೆಯ ತಂತಿಗಳನ್ನು ಬಿಡಿಸಿದರು. ಡಾಕ್ಟರ್ ಪಕ್ಕದ ಕೋಣೆಗೆ ಹೋದರು. ಗಂಟೆಯೊಳಗೆ ಏಳುತ್ತಾಳೆ ಎಂದಿದ್ದರು, ಗಂಟೆ ಆಯಿತು. ರಘು ಬಂದು ನಾಡಿ ನೋಡಿ, ಸರಿಯಾಗಿದೆ, ಕೆಲವು ಮಕ್ಕಳಿಗೆ ತಡವಾಗುತ್ತದೆ ಎಂದು ಹೋದ. ಒಂದೂವರೆ ಗಂಟೆಯಾದರೂ ರಮ್ಯಾ ಮಿಸುಕಲಿಲ್ಲ. ಕ್ಲಿಪ್ಪಿನಲ್ಲಿ ನಾಡಿ ಕಾಣುತ್ತಲೇ ಇತ್ತು, ಆದರೆ ನನಗೆ ಆ ಮುಚ್ಚಿದ ರೆಪ್ಪೆಗಳ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಇವಳನ್ನು ಇಲ್ಲಿಗೆ ಕರೆತಂದವಳು ನಾನು, ಔಷಧಿ ಕುಡಿಸಲು ಕೆಂಚಿಯನ್ನು ಒಪ್ಪಿಸಿದವಳು ನಾನು. ತಡೆಯಲಾಗಲಿಲ್ಲ. ಭುಜ ಹಿಡಿದು ಅಲುಗಾಡಿಸಲೆಂದು ಕೈ ಚಾಚಿದೆ.

ಕೆಂಚಿ ನನ್ನ ಮುಂಗೈ ಹಿಡಿದಳು. ಅವಳ ಕೈ ತಣ್ಣಗಿತ್ತು. ಆದರೂ ಹಿಡಿತ ಬಿಡಲಿಲ್ಲ.

"ಬ್ಯಾಡಿ ಅಕ್ಕ. ಅವಳಾಗೇ ಏಳ್ಲಿ."

ಹಾಗೆಯೇ ಕೂತೆವು, ಇಬ್ಬರೂ ಕೈ ಹಿಡಿದುಕೊಂಡು. ಇನ್ನೂ ಇಪ್ಪತ್ತು ನಿಮಿಷವಾದ ಮೇಲೆ ರಮ್ಯಾ ಮಗ್ಗುಲಾದಳು, ಮೂಗು ಉಜ್ಜಿಕೊಂಡಳು, ಕಣ್ಣು ಬಿಟ್ಟಳು.

"ಅವ್ವ, ಅಸಿವು," ಎಂದಳು.

ಕೆಂಚಿ ಅವಳ ಕೆನ್ನೆ ಮುಟ್ಟಿ ನೋಡಿದಳು. ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿ ಹೊರಗೆ ಹೋದಳು. ಕಾರಿಡಾರಿನ ಗೋಡೆಗೊರಗಿ ಅವಳು ಗಟ್ಟಿಯಾಗಿ ಅಳತೊಡಗಿದ್ದು ಒಳಗೆ ಕೂತ ನಮಗೆಲ್ಲ ಕೇಳಿಸಿತು. ಅವಳು ಕರೆದು ಕರೆದು ಅಳುತ್ತಿದ್ದುದು ರೇಣುಕಾಳನ್ನು.